ಹೆಲ್ತ್ ಕ್ಯಾಂಪ್ ಫಾರಂನಲ್ಲಿ ಎಲ್ಲರೂ 'ಮಿತ' ಅಂತಾನೇ ಟಿಕ್ ಹಾಕಿದ್ದಾರೆ. ಎಷ್ಟು ಕುಡಿದರೆ ಮಿತ?

ಗೌರಿಬಿದನೂರು ಸೀನ

ಎಲ್ಲರಿಗೂ ನಮಸ್ಕಾರ. ಗೌರಿಬಿದನೂರು ಕಡೆ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ನಮ್ಮ ಕೆಲಸಗಾರರಿಗೆ ಹೆಲ್ತ್ ಕ್ಯಾಂಪ್ ಮಾಡಿಸಿದೆವು. ಬಿಪಿ, ಶುಗರ್, ಲಿವರ್ ಟೆಸ್ಟ್ ಎಲ್ಲ ಆಯಿತು. ಫಾರಂನಲ್ಲಿ ಮದ್ಯಪಾನಕ್ಕೆ ಮೂರು ಚೌಕ ಇದ್ದವು: ಇಲ್ಲ, ಮಿತ, ಅತಿ.

'ಅತಿ'ಗೆ ಒಬ್ಬರೂ ಟಿಕ್ ಹಾಕಿಲ್ಲ! ಭಾನುವಾರ ಒಂದು ಬಿಯರ್ ಕುಡಿಯುವ ಹುಡುಗನೂ ಮಿತ, ಕ್ವಾರ್ಟರ್ ಬೀಳದೆ ನಿದ್ದೆ ಬಾರದ ಹಿರಿಯರೂ ಮಿತ. ಲಿವರ್ ರಿಪೋರ್ಟ್ ಮಾತ್ರ ಬೇರೆ ಕಥೆ ಹೇಳುತ್ತಿದೆ.

ಮುಂದಿನ ಕ್ಯಾಂಪ್ ಹೊತ್ತಿಗೆ ಫಾರಂ ಸರಿ ಮಾಡೋಣ ಅಂತ ನೆಟ್‌ನಲ್ಲಿ ಹುಡುಕಿದೆ. ಅಮೆರಿಕದವರು ಗಂಡಸರಿಗೆ ದಿನಕ್ಕೆ ಎರಡು, ಹೆಂಗಸರಿಗೆ ಒಂದು ಡ್ರಿಂಕ್ ಅಂತಿದ್ದರು. ಇಂಗ್ಲೆಂಡಿನವರು ವಾರಕ್ಕೆ 14 ಯುನಿಟ್ ಅನ್ನುತ್ತಾರೆ. ಕೆನಡಾದವರು ವಾರಕ್ಕೆ ಎರಡೇ ಡ್ರಿಂಕ್ ಅಂತಾರೆ. ನಮ್ಮಲ್ಲಿ ಲೆಕ್ಕ ನಡೆಯುವುದು ನೈಂಟಿ, ಕ್ವಾರ್ಟರ್‌ನಲ್ಲಿ. ಯಾವುದನ್ನು ಯಾವುದಕ್ಕೆ ಹೊಂದಿಸಲಿ?

ಕುಡಿಯುವುದು ಸರಿಯೋ ತಪ್ಪೋ ಎನ್ನುವ ಜಗಳ ಇಲ್ಲಿ ಬೇಡ, ದಯವಿಟ್ಟು.

ಸ್ಕಂದಗಿರಿ

ಎದ್ದು ತಾನೇ ಮನೆಗೆ ನಡೆದು ಹೋದರೆ ಮಿತ. ಇಬ್ಬರು ಹಿಡಿದುಕೊಂಡು ಹೋದರೆ ಅತಿ. ಇದಕ್ಕೆ ಕೆನಡಾ ಯಾಕೆ ಬೇಕು ಸೀನಣ್ಣ?

ಲೆಕ್ಕದ ಮೇಷ್ಟ್ರು, ಚಿಂತಾಮಣಿ

ಸೀನ, ಮೊದಲು 'ಡ್ರಿಂಕ್' ಬಿಡಿ, ಗ್ರಾಂಗೆ ಬನ್ನಿ. ಒಂದು 'ಡ್ರಿಂಕ್' ಅಂದರೆ ಅಮೆರಿಕದಲ್ಲಿ 14 ಗ್ರಾಂ ಶುದ್ಧ ಆಲ್ಕೋಹಾಲ್. ಇಂಗ್ಲೆಂಡಿನ ಯುನಿಟ್ 8 ಗ್ರಾಂ. ಆಸ್ಟ್ರೇಲಿಯಾದಲ್ಲಿ 10, ಜಪಾನಿನಲ್ಲಿ ಸುಮಾರು 20. ಹೆಸರು ಒಂದೇ ಥರ ಕಂಡರೂ ಅಳತೆ ಎರಡೂವರೆ ಪಟ್ಟಿನವರೆಗೂ ಬೇರೆ.

ಗ್ರಾಂ ಮಾಡುವುದು ಸುಲಭ. ಬಾಟಲಿಯ ಎಂ.ಎಲ್. ಅನ್ನು ಲೇಬಲ್ ಮೇಲಿನ ಶೇಕಡಾದಿಂದ ಗುಣಿಸಿ, ಆಮೇಲೆ ಆಲ್ಕೋಹಾಲಿನ ಸಾಂದ್ರತೆ 0.789ರಿಂದ ಗುಣಿಸಿ. ನಮ್ಮ ವಿಸ್ಕಿ, ಬ್ರಾಂದಿ, ರಮ್ಮಿನ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದು ಇರುತ್ತದೆ. ಹಾಗಾದರೆ:

30 ಎಂ.ಎಲ್. ಸ್ಮಾಲ್: ಸುಮಾರು 10 ಗ್ರಾಂ
60 ಲಾರ್ಜ್: 20
90 ಟೆಟ್ರಾ ಪ್ಯಾಕ್: 30
180 ಕ್ವಾರ್ಟರ್: 61
650ರ ಸ್ಟ್ರಾಂಗ್ ಬಿಯರ್, ಶೇ. 8 ಇದ್ದರೆ: 41
ಅದೇ 650, ಶೇ. 5ರ ಮೈಲ್ಡ್ ಆದರೆ: 26

ಈಗ ಹೋಲಿಸಿ. ಇಂಗ್ಲೆಂಡಿನ 14 ಯುನಿಟ್ ಅಂದರೆ ವಾರಕ್ಕೆ 112 ಗ್ರಾಂ. ನಮ್ಮ ಎರಡು ಕ್ವಾರ್ಟರಿಗಿಂತ ಕಡಿಮೆ, ಅದೂ ಇಡೀ ವಾರಕ್ಕೆ! ಒಂದೇ ದಿನ ಮುಗಿಸಬೇಡಿ, ಮೂರು ದಿನಕ್ಕಾದರೂ ಹಂಚಿ ಅಂತಲೂ ಅವರು ಹೇಳುತ್ತಾರೆ. ಆಸ್ಟ್ರೇಲಿಯಾ 2020ರಲ್ಲಿ ಹೇಳಿದ್ದು ವಾರಕ್ಕೆ 10 ಡ್ರಿಂಕ್, ಅಂದರೆ 100 ಗ್ರಾಂ, ಒಂದು ದಿನಕ್ಕೆ ನಾಲ್ಕು ದಾಟಬಾರದು. ಕೆನಡಾದ ಎರಡು ಡ್ರಿಂಕ್ ಸುಮಾರು 27 ಗ್ರಾಂ. ವಾರಕ್ಕೆ ಒಂದು ನೈಂಟಿಯೂ ಪೂರ್ತಿ ಇಲ್ಲ.

ಗೌರಿಬಿದನೂರು ಸೀನ

ಮೇಷ್ಟ್ರೇ, ಕ್ವಾರ್ಟರ್ 61 ಗ್ರಾಂ! ನಮ್ಮಲ್ಲಿ ಕ್ವಾರ್ಟರ್ ಅಂದರೆ "ಒಂದೇ ಒಂದು ಹಾಕ್ತೀನಿ ಅಷ್ಟೇ" ಅನ್ನುವ ಲೆಕ್ಕ.

ಸಿಸ್ಟರ್, ಶಿಡ್ಲಘಟ್ಟ

ಸೀನ ಅವರೇ, ಆ 61 ಅನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕುಡಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತದ ಲೆಕ್ಕಕ್ಕೆ ಸೇರಿಸುತ್ತದೆ. ತಿಂಗಳಲ್ಲಿ ಒಂದು ಸಲ ಹಾಗಾದರೂ ಅವರ ಪಟ್ಟಿಯಲ್ಲಿ ಹೆಸರು ಬರುತ್ತದೆ. ನಮ್ಮ ಜನ ಮಿತ ಅಂತ ಟಿಕ್ ಹಾಕಿದ ಕ್ವಾರ್ಟರ್ ಸರಿಯಾಗಿ ಆ ಗೆರೆಯ ಮೇಲೆಯೇ ಕೂತಿದೆ.

ಅವರದ್ದೇ 'ಆಡಿಟ್' ಅಂತ 10 ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 40 ಅಂಕ. 8 ಅಥವಾ ಮೇಲೆ ಬಂದರೆ ಕೂರಿಸಿ ಮಾತಾಡಬೇಕು. ಮೊದಲ ಮೂರು ಪ್ರಶ್ನೆ ಪ್ರಮಾಣದ್ದು: ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕುಡಿದ ದಿನ ಎಷ್ಟು, ಒಂದೇ ಸಲಕ್ಕೆ ಆರು ಅಥವಾ ಜಾಸ್ತಿ ಡ್ರಿಂಕ್ ಎಷ್ಟು ಸಲ ಆಗುತ್ತದೆ. 10 ಗ್ರಾಂ ಲೆಕ್ಕದಲ್ಲಿ ಆರು ಡ್ರಿಂಕ್ ಅಂದರೆ ಮತ್ತೆ ಅದೇ ಕ್ವಾರ್ಟರ್.

ಕ್ಯಾಷ್ ಕೌಂಟರ್ ಕೃಷ್ಣ

ನಾನು ಬಾರಿನಲ್ಲಿ ಕೂತಿರುವವನು, ಸ್ವಲ್ಪ ನನ್ನ ಮಾತೂ ಕೇಳಿ. ಬಿಯರ್ ಕುಡಿಯುವವರು ತಮ್ಮನ್ನು ಕುಡಿಯುವವರ ಲೆಕ್ಕಕ್ಕೇ ಸೇರಿಸಿಕೊಳ್ಳುವುದಿಲ್ಲ. "ಬಿಯರ್ ತಾನೇ ಅಣ್ಣಾ, ಮೈ ತಂಪು" ಅಂತಾರೆ. ಹೋಗುವುದೆಲ್ಲ ಸ್ಟ್ರಾಂಗ್. ಮೇಷ್ಟ್ರು ಹೇಳಿದ ಹಾಗೆ ಅದು ಎರಡು ಲಾರ್ಜಿಗೆ ಸಮ. ಎರಡು ಬಾಟಲಿ ಎತ್ತಿದರೆ ಕ್ವಾರ್ಟರ್ ದಾಟಿ ಹೋಯಿತು.

ಇನ್ನೊಂದು ಮಾತು. ಬಾರಿನಲ್ಲಿ ಅಳತೆ ಲೋಟ ಇರುತ್ತದೆ. ಮನೆಯಲ್ಲಿ ಕಣ್ಣಳತೆ. ಮನೆಯಲ್ಲಿ "ಎರಡು ಪೆಗ್" ಅಂದವರ ಲೋಟ ನೋಡಿದ್ದೇನೆ, ಅದರಲ್ಲಿ ಮೂರೂವರೆ ಇರುತ್ತದೆ.

ದ್ರಾಕ್ಷಿ ತೋಟ

ನಂದಿ ಕಡೆ ನಮ್ಮದು ದ್ರಾಕ್ಷಿ. ಬೆಂಗಳೂರು ಬ್ಲೂ, ದಿಲ್‌ಖುಷ್ ಎರಡೂ ಇದೆ. ವೈನ್ ಹೃದಯಕ್ಕೆ ಒಳ್ಳೆಯದು ಅಂತ ವರ್ಷಗಳಿಂದ ಕೇಳಿಕೊಂಡು ಬಂದಿದ್ದೇನೆ. ಡಾಕ್ಟರುಗಳೇ ಹೇಳಿದ್ದುಂಟು. ಈಗ ನೋಡಿದರೆ ಒಂದು ತೊಟ್ಟೂ ಬೇಡ ಅಂತಾರೆ. ವಿಜ್ಞಾನ ಯಾಕೆ ಹೀಗೆ ಮಗುಚಿ ಬೀಳುತ್ತದೆ? ಯಾರಾದರೂ ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು, ಚಿಂತಾಮಣಿ

ತೋಟದವರೇ, ಇದು ನನಗೆ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ವೈನಿನ ಕಥೆ ಜೋರಾದದ್ದು 1990ರ ದಶಕದಲ್ಲಿ. ಫ್ರಾನ್ಸಿನವರು ಬೆಣ್ಣೆ, ಚೀಸ್ ಅಷ್ಟು ತಿಂದರೂ ಹೃದ್ರೋಗ ಕಡಿಮೆ ಯಾಕೆ ಎಂಬ ಪ್ರಶ್ನೆ ಎದ್ದಿತ್ತು. ರೆಡ್ ವೈನ್ ಕಾರಣ ಇರಬಹುದು ಎಂದು 1991ರಲ್ಲಿ ಅಮೆರಿಕದ ಟಿವಿ ಹೇಳಿತು. ಅಲ್ಲಿ ವೈನ್ ಮಾರಾಟ ಏರಿತು. ಆಮೇಲೆ ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಎಂಬ ರಾಸಾಯನಿಕದ ಹೆಸರು ಬಂತು. ಆದರೆ ಒಂದು ಲೀಟರ್ ವೈನಿನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಇಲಿಗಳಿಗೆ ಕೊಟ್ಟು ಒಳ್ಳೆಯದಾಯಿತು ಎಂದ ಪ್ರಮಾಣಕ್ಕೆ ಹೋಲಿಸಿದರೆ ಏನೇನೂ ಅಲ್ಲ. ನಿಮ್ಮ ಬೆಂಗಳೂರು ಬ್ಲೂ ಹಣ್ಣನ್ನೇ ಸಿಪ್ಪೆ ಸಮೇತ ತಿನ್ನಿ ಸ್ವಾಮಿ.

ನಿಜವಾದ ಗಂಟು ಇರುವುದು ಬೇರೆ ಕಡೆ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಒಂದು ಗೆರೆ ಮತ್ತೆ ಮತ್ತೆ ಬಂತು. ಕುಡಿಯದವರಲ್ಲಿ ಸಾವಿನ ಅಪಾಯ ಸ್ವಲ್ಪ ಮೇಲೆ. ಸ್ವಲ್ಪ ಕುಡಿಯುವವರಲ್ಲಿ ಕೆಳಗೆ. ಜಾಸ್ತಿ ಕುಡಿಯುವವರಲ್ಲಿ ಮೇಲೇರುತ್ತಾ ಹೋಗುತ್ತದೆ. ಇಂಗ್ಲಿಷಿನ 'ಜೆ' ಅಕ್ಷರದ ಥರ. ಸ್ವಲ್ಪ ಕುಡಿದರೆ ಆಯಸ್ಸು ಜಾಸ್ತಿ ಎಂಬ ಮಾತು ಹುಟ್ಟಿದ್ದು ಇದರಿಂದ.

1988ರಲ್ಲಿ ಶೇಪರ್ ಎಂಬ ಸಂಶೋಧಕರ ತಂಡ ಬ್ರಿಟನ್ನಿನ ಏಳೂವರೆ ಸಾವಿರಕ್ಕೂ ಹೆಚ್ಚು ಗಂಡಸರ ಮಾಹಿತಿ ಇಟ್ಟುಕೊಂಡು ಕೇಳಿತು: ಈ 'ಕುಡಿಯದವರು' ಯಾರು? ನೋಡಿದರೆ ಅವರಲ್ಲಿ ಬಹಳ ಜನ ಮೊದಲು ಕುಡಿಯುತ್ತಿದ್ದವರು. ಹೃದಯ, ಬಿಪಿ, ಇನ್ನೇನೋ ಕಾಯಿಲೆ ಬಂದು ಬಿಟ್ಟವರು. ಶುಗರ್ ಬಂದ ಮೇಲೆ ಮೈಸೂರು ಪಾಕ್ ಬಿಟ್ಟವರನ್ನೆಲ್ಲ 'ಸಿಹಿ ತಿನ್ನದವರು' ಎಂದು ಬರೆದುಕೊಂಡು, ಸಿಹಿ ತಿನ್ನದವರಿಗೇ ಶುಗರ್ ಜಾಸ್ತಿ ಅಂದ ಹಾಗಾಯಿತು ಅಲ್ವಾ?

2023ರಲ್ಲಿ 107 ಅಧ್ಯಯನಗಳನ್ನು, ಸುಮಾರು 48 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ಈ ಥರದ ದೋಷಗಳನ್ನು ಸರಿಪಡಿಸಿ ನೋಡಿದರು. ಸ್ವಲ್ಪ ಕುಡಿಯುವವರಿಗೆ ಸಿಗುತ್ತದೆ ಎಂದಿದ್ದ ಲಾಭ ಕಾಣಲೇ ಇಲ್ಲ. ದಿನಕ್ಕೆ ಹೆಂಗಸರಲ್ಲಿ 25 ಗ್ರಾಂ, ಗಂಡಸರಲ್ಲಿ 45 ಗ್ರಾಂ ದಾಟಿದ ಮೇಲೆ ಸಾವಿನ ಅಪಾಯ ಸ್ಪಷ್ಟವಾಗಿ ಜಾಸ್ತಿ ಕಂಡಿತು.

ಸ್ಕಂದಗಿರಿ

ಮೇಷ್ಟ್ರೇ, ನಮ್ಮ ತಾತ ದಿನಾ ಸಂಜೆ ಹಾಕುತ್ತಿದ್ದರು. ತೊಂಬತ್ತು ದಾಟಿ ಬದುಕಿದರು. ಅವರಿಗೆ ನಿಮ್ಮ 48 ಲಕ್ಷದ ಲೆಕ್ಕ ಗೊತ್ತಿರಲಿಲ್ಲ.

ಸಿಸ್ಟರ್, ಶಿಡ್ಲಘಟ್ಟ

ನಿಮ್ಮ ತಾತ ಪುಣ್ಯವಂತರು. ಅವರ ಜೊತೆ ಕೂತು ಕುಡಿದವರು ಎಷ್ಟು ಜನ ತೊಂಬತ್ತು ದಾಟಿದರು, ಅದನ್ನೂ ಹೇಳಿ.

ಸ್ಕಂದಗಿರಿ

ಅದು ಸರಿ, ಅವರು ಯಾರೂ ಈಗ ಇಲ್ಲ. 😄 ಆದರೂ ಒಂದು ಅನುಮಾನ. ಇಂಗ್ಲೆಂಡಿನಲ್ಲಿ ಕುಡಿಯದವನು ಅಂದರೆ ಕಾಯಿಲೆಯವನು ಅಂತೀರಿ. ನಮ್ಮಲ್ಲಿ ಹಾಗಲ್ಲವಲ್ಲ? ನಮ್ಮ ಬೀದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹುಟ್ಟಿದಾಗಿನಿಂದ ಮುಟ್ಟೇ ಇಲ್ಲ.

ಲೆಕ್ಕದ ಮೇಷ್ಟ್ರು, ಚಿಂತಾಮಣಿ

ಈ ಪ್ರಶ್ನೆಗೆ ನೂರಕ್ಕೆ ನೂರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುತ್ತೇವೆ ಎಂದವರು ಶೇ. 19ರಷ್ಟು, ಹೆಂಗಸರಲ್ಲಿ ಶೇ. 1ರ ಆಸುಪಾಸು. ದೇಶದ ಬಹುಪಾಲು ಜನ ಕುಡಿಯದವರೇ. ಲಂಡನ್ನಿನಲ್ಲಿ ಊಟಕ್ಕೆ ಒಂದು ಗ್ಲಾಸ್ ವೈನ್ ಕುಡಿಯುವವನು ಹೆಚ್ಚಾಗಿ ಓದಿದವನು, ಸಂಬಳ ಚೆನ್ನಾಗಿರುವವನು, ವಾಕಿಂಗ್ ಹೋಗುವವನು. ಅವನ ಆಯಸ್ಸಿಗೆ ವೈನ್ ಕಾರಣವೋ ಸಂಬಳ ಕಾರಣವೋ? ನಮ್ಮ ಎಪಿಎಂಸಿ ಹತ್ತಿರ ಟೆಟ್ರಾ ಪ್ಯಾಕ್ ಹರಿದು ಕುಡಿಯುವ ಹಮಾಲಿಗೆ ಆ ಲೆಕ್ಕ ಹೇಗೆ ಒಪ್ಪುತ್ತದೆ? ಗ್ರಾಂ ಒಂದೇ ಇದ್ದರೂ ಬದುಕು ಒಂದೇ ಅಲ್ಲ.

ಇದನ್ನು ದಾಟಲು ಚೀನಾದಲ್ಲಿ ಒಂದು ಜಾಣ ದಾರಿ ಹಿಡಿದರು. 5 ಲಕ್ಷಕ್ಕೂ ಹೆಚ್ಚು ಜನರ ದೊಡ್ಡ ಅಧ್ಯಯನ, ಫಲಿತಾಂಶ ಬಂದದ್ದು 2019ರಲ್ಲಿ. ಅಲ್ಲಿ ಬಹಳ ಜನರಿಗೆ ಹುಟ್ಟಿನಿಂದಲೇ ಒಂದು ಜೀನ್ ಇರುತ್ತದೆ. ಕುಡಿದರೆ ಮುಖ ಕೆಂಪಾಗಿ, ಹೊಟ್ಟೆ ತೊಳಸುತ್ತದೆ. ಹಾಗಾಗಿ ಅವರು ತಾವಾಗಿಯೇ ಕಡಿಮೆ ಕುಡಿಯುತ್ತಾರೆ. ಜೀನ್ ಯಾರಿಗೆ ಬರುತ್ತದೆ ಎನ್ನುವುದಕ್ಕೂ ಸಂಬಳಕ್ಕೂ ಸಂಬಂಧ ಇಲ್ಲ. ಕಾಯಿಲೆ ಬಂದು ಬಿಟ್ಟವರು ಎಂಬ ಗೊಂದಲವೂ ಇಲ್ಲ. ಜೀನ್ ಹಿಡಿದು ಲೆಕ್ಕ ಹಾಕಿದಾಗ ಜೆ ಗೆರೆ ಮಾಯ! ಕುಡಿತ ಏರಿದಂತೆ ಸ್ಟ್ರೋಕ್ ಅಪಾಯವೂ ನೇರವಾಗಿ ಏರಿತು.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಹೆಂಗಸರ ಭಾಗ. ಅಲ್ಲಿನ ಹೆಂಗಸರಲ್ಲಿ ಕುಡಿಯುವವರು ತೀರಾ ಕಡಿಮೆ. ಅದೇ ಜೀನ್ ಇದ್ದರೂ ಅವರಲ್ಲಿ ಸ್ಟ್ರೋಕ್ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕೆಲಸ ಮಾಡಿದ್ದು ಜೀನ್ ಅಲ್ಲ, ಎಣ್ಣೆಯೇ.

ದ್ರಾಕ್ಷಿ ತೋಟ

ಒಪ್ಪಿದೆ. ಆದರೆ ಔಷಧಿ ಪರೀಕ್ಷೆ ಮಾಡುವ ಹಾಗೆ ಅರ್ಧ ಜನಕ್ಕೆ ಕುಡಿಸಿ, ಅರ್ಧ ಜನಕ್ಕೆ ಕುಡಿಸದೆ ನೋಡಿಬಿಟ್ಟರೆ ಆಯಿತಲ್ಲ?

ಲೆಕ್ಕದ ಮೇಷ್ಟ್ರು, ಚಿಂತಾಮಣಿ

ಹೊರಟಿದ್ದರು. ಅಮೆರಿಕದಲ್ಲಿ ದಿನಕ್ಕೊಂದು ಡ್ರಿಂಕ್ ಕೊಟ್ಟು ವರ್ಷಗಟ್ಟಲೆ ನೋಡುವ ಪ್ರಯೋಗ. ಖರ್ಚಿನ ದೊಡ್ಡ ಪಾಲು ಮದ್ಯದ ಕಂಪನಿಗಳದ್ದು. ಅಧಿಕಾರಿಗಳೇ ಕಂಪನಿಗಳ ಹತ್ತಿರ ದುಡ್ಡಿಗೆ ಓಡಾಡಿದ್ದು ಬಯಲಾಯಿತು. ಪ್ರಯೋಗದ ಸ್ವರೂಪವೂ ಹೃದಯದ ಲಾಭ ತೋರಿಸುವ ಹಾಗಿತ್ತು, ಕ್ಯಾನ್ಸರ್ ಕಾಣುವಷ್ಟು ಉದ್ದ ಇರಲಿಲ್ಲ. 2018ರಲ್ಲಿ ನಿಲ್ಲಿಸಿಬಿಟ್ಟರು.

ಕ್ಯಾಷ್ ಕೌಂಟರ್ ಕೃಷ್ಣ

ಫ್ರೀಯಾಗಿ ದಿನಾ ಕುಡಿಸುವ ಪ್ರಯೋಗ ನಿಂತುಹೋಯಿತಾ! ನಮ್ಮ ಕಡೆ ಆಗಿದ್ದರೆ ಹೆಸರು ಬರೆಸೋಕೆ ಕ್ಯೂ ನಿಲ್ಲುತ್ತಿತ್ತು.

ಗೌರಿಬಿದನೂರು ಸೀನ

ಕೆನಡಾದ ಕಥೆ ಏನು? 2011ರಲ್ಲಿ ಗಂಡಸರಿಗೆ ವಾರಕ್ಕೆ 15, ಹೆಂಗಸರಿಗೆ 10 ಅಂದಿದ್ದವರು 2023ರಲ್ಲಿ ಎರಡಕ್ಕೆ ಇಳಿದರು. ಹನ್ನೆರಡು ವರ್ಷದಲ್ಲಿ ಜನರ ಲಿವರ್ ಬದಲಾಯಿತಾ?

ಲೆಕ್ಕದ ಮೇಷ್ಟ್ರು, ಚಿಂತಾಮಣಿ

ಲಿವರ್ ಅದೇ. ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ಬದಲಾಯಿತು. ಅಲ್ಲಿನ ವ್ಯಸನ ಅಧ್ಯಯನ ಕೇಂದ್ರ ಒಂದಲ್ಲ, ಎರಡು ಗೆರೆ ಕೊಟ್ಟಿದೆ. ಕುಡಿತದಿಂದ ಬೇಗ ಸಾಯುವ ಸಂಭವ ಸಾವಿರಕ್ಕೆ ಒಂದು ಇರಬೇಕಾದರೆ ವಾರಕ್ಕೆ ಎರಡು ಡ್ರಿಂಕ್. ನೂರಕ್ಕೆ ಒಂದು ಪರವಾಗಿಲ್ಲ ಅನ್ನುವುದಾದರೆ ವಾರಕ್ಕೆ ಆರು. ಆರು ಡ್ರಿಂಕ್ ಅಂದರೆ ಅವರ ಅಳತೆಯಲ್ಲಿ ಸುಮಾರು 81 ಗ್ರಾಂ. ಇಂಗ್ಲೆಂಡಿನ 112 ಗ್ರಾಂ ಕೂಡ ಸರಿಸುಮಾರು ಈ ನೂರಕ್ಕೆ ಒಂದರ ಲೆಕ್ಕವೇ. ಪೇಪರಿನ ತಲೆಬರಹದಲ್ಲಿ ಅಜಗಜಾಂತರ ಕಂಡರೂ ಒಳಗೆ ಅಷ್ಟು ದೂರ ಇಲ್ಲ. ಎಷ್ಟು ಅಪಾಯವನ್ನು ಒಪ್ಪಿಕೊಳ್ಳಬಹುದು ಎನ್ನುವುದನ್ನು ಲ್ಯಾಬ್ ಹೇಳುವುದಿಲ್ಲ, ಜನ ಕೂತು ತೀರ್ಮಾನಿಸಬೇಕು.

ಅಮೆರಿಕದಲ್ಲೂ ಒಮ್ಮತ ಇಲ್ಲ. 2024ರ ಡಿಸೆಂಬರಿನಲ್ಲಿ ಅವರ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿ, ಮಿತವಾಗಿ ಕುಡಿಯುವವರಲ್ಲಿ ಒಟ್ಟು ಸಾವು ಎಂದೂ ಕುಡಿಯದವರಿಗಿಂತ ಕಡಿಮೆ, ಆದರೆ ಸ್ತನ ಕ್ಯಾನ್ಸರ್ ಜಾಸ್ತಿ ಎಂದಿತು. ಮರು ತಿಂಗಳೇ ಅಲ್ಲಿನ ಸರ್ಜನ್ ಜನರಲ್, ಅಂದರೆ ಆರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವಕ್ತಾರ, ಆಗಿದ್ದ ವಿವೇಕ್ ಮೂರ್ತಿ, ಬಾಟಲಿ ಮೇಲೆ ಕ್ಯಾನ್ಸರ್ ಎಚ್ಚರಿಕೆ ಬರಬೇಕು ಎಂದರು. ಇವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದ್ದು. ಈಗಿನ ಹೊಸ ಮಾರ್ಗಸೂಚಿಯಲ್ಲಿ ದಿನಕ್ಕೆ ಒಂದು, ಎರಡು ಎಂಬ ಸಂಖ್ಯೆಯೇ ಇಲ್ಲ. ಕಡಿಮೆ ಕುಡಿಯಿರಿ ಅಂತಷ್ಟೇ ಇದೆ. ಅದು ಸೀನನ ಫಾರಂಗಿಂತ ಏನೂ ಮೇಲಲ್ಲ!

ಸಿಸ್ಟರ್, ಶಿಡ್ಲಘಟ್ಟ

ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಗೊಂದಲ ಬೇಡ. ಮದ್ಯ ಕ್ಯಾನ್ಸರ್ ತರುತ್ತದೆ ಎಂದು 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಲಿವರ್, ಕರುಳು, ಸ್ತನ, ಧ್ವನಿಪೆಟ್ಟಿಗೆ. ದೇಹದೊಳಗೆ ಆಲ್ಕೋಹಾಲ್ ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಡಿಎನ್‌ಎಗೆ ಹಾನಿ ಮಾಡುತ್ತದೆ. ವಿಸ್ಕಿ, ವೈನ್ ಎಂಬ ಭೇದ ಅದಕ್ಕಿಲ್ಲ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಎಂದಿದ್ದು ಹೆಚ್ಚಾಗಿ ಇದೇ ಕಾರಣಕ್ಕೆ. ಇದರ ಜೊತೆ ಗುಟ್ಕಾ, ಬೀಡಿಯೂ ಇದ್ದರೆ ಬಾಯಿ, ಗಂಟಲಿಗೆ ಪೆಟ್ಟು ಇನ್ನೂ ಜಾಸ್ತಿ. ಬಸುರಿಯರಿಗೆ ಎಷ್ಟು ಅಂತ ಕೇಳಲೇಬೇಡಿ, ಸೊನ್ನೆ.

ಟೆಂಪೋ ಮಂಜ

ನನ್ನದು ಸಣ್ಣ ಡೌಟು. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿ ಮಲಗಿ, ಮೂರಕ್ಕೆ ಎದ್ದು ಸೊಪ್ಪು, ಹೂವು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಾರೆ ನಮ್ಮವರು. ನಿದ್ದೆ ಮಾಡಿದ ಮೇಲೆ ಇಳಿದಿರುತ್ತದೆ ಅಲ್ವಾ?

ಸಿಸ್ಟರ್, ಶಿಡ್ಲಘಟ್ಟ

ಇಳಿದಿರುವುದಿಲ್ಲ ಮಂಜಣ್ಣ. ದೇಹ ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ. 61 ಗ್ರಾಂಗೆ ಆರರಿಂದ ಎಂಟೂವರೆ ಗಂಟೆ ಬೇಕು. ನಿಂಬೆಹಣ್ಣಿನ ರಸ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬೆಳಗಿನ ಜಾವದ ಹೈವೇಯಲ್ಲಿ ದಂಡವೇ ದೊಡ್ಡ ಭಯ ಅಲ್ಲ ಬಿಡಿ.

ಬಾಗೇಪಲ್ಲಿ ಅಕ್ಕ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಮ್ಮ ಮನೆಯವರು ಬಹಳ ವರ್ಷದಿಂದ ದಿನಾ ಕುಡಿಯುತ್ತಾರೆ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ. ಈ ಸಲ ಅಯ್ಯಪ್ಪ ಮಾಲೆ ಹಾಕುತ್ತೇನೆ, ಅವತ್ತಿನಿಂದಲೇ ಪೂರ್ತಿ ಬಿಡುತ್ತೇನೆ ಅಂತಾರೆ. ನನಗೆ ಖುಷಿ. ಆದರೆ ಹೋದ ಸಲ ಮಾಲೆ ಹಾಕಿದಾಗ ಎರಡನೇ ದಿನ ಬೆವತು, ಏನೇನೋ ಮಾತಾಡಿ, ಹೆದರಿಸಿಬಿಟ್ಟರು. ಮಿತ, ಅತಿ ಲೆಕ್ಕ ನಮ್ಮಂಥವರಿಗೆ ಏನು ಉಪಯೋಗ?

ಸಿಸ್ಟರ್, ಶಿಡ್ಲಘಟ್ಟ

ಅಕ್ಕ, ನೀವು ಕೇಳಿದ್ದು ಒಳ್ಳೆಯದಾಯಿತು. ಬಿಡುವುದು ಖಂಡಿತ ಒಳ್ಳೆಯದು. ಆದರೆ ದಿನಾ ಜಾಸ್ತಿ ಕುಡಿದು, ಬೆಳಿಗ್ಗೆ ಕೈ ನಡುಗುವವರು ಮನೆಯಲ್ಲೇ ಒಮ್ಮೆಗೆ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು. ಭ್ರಮೆ, ಗಾಬರಿ, ಜ್ವರ ಆಗಿ ಪ್ರಾಣಕ್ಕೇ ಅಪಾಯ ಆಗಬಹುದು. ಹೋದ ಸಲ ಹಾಗಾಗಿದ್ದರೆ ಈ ಸಲ ಮತ್ತೆ ಆಗುವ ಸಂಭವ ಜಾಸ್ತಿ.

ಮಾಲೆ ಹಾಕುವ ಮೊದಲೇ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಕೆಲವು ದಿನ ಮಾತ್ರೆ, ವಿಟಮಿನ್ ಬಿ1 ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಬೇರೆ ಕೇಂದ್ರವೇ ಇದೆ. ಫೋನಿನಲ್ಲಿ ಕೇಳಬೇಕಾದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿ ಸಹಾಯವಾಣಿ 14446. ಡಾಕ್ಟರ್ ನೋಡಿ ಮಾತ್ರೆ ಕೊಟ್ಟರೆ ವ್ರತ ಕೆಡುವುದಿಲ್ಲ ಅಕ್ಕ, ಗುರುಸ್ವಾಮಿಗಳನ್ನೇ ಕೇಳಿ ನೋಡಿ.

ಬಾಗೇಪಲ್ಲಿ ಅಕ್ಕ

ಸೋಮವಾರ ಹೋಗುತ್ತೇವೆ. ಅವರ ತಮ್ಮನನ್ನೂ ಜೊತೆಗೆ ಕರೆಯುತ್ತೇನೆ.

ಅಡ್ಮಿನ್

ಅಕ್ಕನ ಪ್ರಶ್ನೆಯ ಕೆಳಗೆ ಬಂದ ಎರಡು ತಮಾಷೆ ಕಾಮೆಂಟ್ ತೆಗೆದಿದ್ದೇನೆ. ಉಳಿದ ಚರ್ಚೆ ನಡೆಯಲಿ.

ಸ್ಕಂದಗಿರಿ

ಹೊಸತೊಡಕಿಗೆ, ಊರ ಜಾತ್ರೆಗೆ ಮಾತ್ರ ಕುಡಿಯುವವರನ್ನು ಯಾವ ಚೌಕಕ್ಕೆ ಹಾಕುತ್ತೀರಿ? ವರ್ಷಕ್ಕೆ ಮೂರ್ನಾಲ್ಕು ಸಲ. ಆದರೆ ಆ ದಿನ ಮಾತ್ರ ಹಾಫ್‌ಗೆ ಕಮ್ಮಿ ಇಲ್ಲ.

ಲೆಕ್ಕದ ಮೇಷ್ಟ್ರು, ಚಿಂತಾಮಣಿ

ವರ್ಷದ ಸರಾಸರಿ ತೆಗೆದರೆ ದಿನಕ್ಕೆ ಒಂದೂವರೆ ಗ್ರಾಂ ಕೂಡ ಬರುವುದಿಲ್ಲ, ಕೆನಡಾದವರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಆ ದಿನ ಹೊಟ್ಟೆಗೆ ಹೋಗಿದ್ದು 120 ಗ್ರಾಂಗಿಂತ ಜಾಸ್ತಿ. ಬೈಕಿನಿಂದ ಬೀಳುವುದು, ಕೆರೆಗೆ ಇಳಿಯುವುದು, ಜಗಳ ಎಲ್ಲ ಆಗುವುದು ಸರಾಸರಿಯ ದಿನ ಅಲ್ಲ, ಅವತ್ತೇ. ಅದಕ್ಕೇ ಫಾರಂನಲ್ಲಿ ಎರಡೂ ಬೇಕು: ವಾರದ ಮೊತ್ತ, ಒಂದು ದಿನದ ಗರಿಷ್ಠ.

ಗೌರಿಬಿದನೂರು ಸೀನ

ಎಲ್ಲ ಓದಿ ಹೊಸ ಕಾಲಂ ಬರೆದಿದ್ದೇನೆ. ಮಿತ, ಅತಿ ಎರಡೂ ತೆಗೆದುಹಾಕಿದೆ. ಲೆಕ್ಕ ನಾವೇ ಗ್ರಾಂನಲ್ಲಿ ಮಾಡಿಕೊಳ್ಳುತ್ತೇವೆ.

ಎಂದೂ ಕುಡಿದಿಲ್ಲ / ಮೊದಲು ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ / ಈಗ ಕುಡಿಯುತ್ತೇನೆ
ಬಿಟ್ಟಿದ್ದರೆ ಯಾಕೆ ಬಿಟ್ಟಿರಿ?
ಏನು ಕುಡಿಯುತ್ತೀರಿ, ಒಂದು ಸಲಕ್ಕೆ ಎಷ್ಟು ಎಂ.ಎಲ್.? (ನೈಂಟಿ, ಕ್ವಾರ್ಟರ್, ಬಿಯರ್ ಬಾಟಲಿ ಚಿತ್ರ ಹಾಕುತ್ತೇವೆ)
ವಾರಕ್ಕೆ ಎಷ್ಟು ದಿನ?
ಕಳೆದ ತಿಂಗಳಲ್ಲಿ ಒಂದೇ ಸಲಕ್ಕೆ ಕ್ವಾರ್ಟರ್ ಅಥವಾ ಜಾಸ್ತಿ ಎಷ್ಟು ಸಲ?
ಬೆಳಿಗ್ಗೆ ಕೈ ನಡುಗುತ್ತದೆಯೇ?

ಎರಡನೇ ಸಾಲು ಮೇಷ್ಟ್ರ ಪಾಠ, ಕೊನೆಯದು ಸಿಸ್ಟರ್ ಮತ್ತು ಅಕ್ಕನಿಂದ.

ಸಿಸ್ಟರ್, ಶಿಡ್ಲಘಟ್ಟ

ಚೆನ್ನಾಗಿದೆ. ಆದರೆ ಈ ಕಾಗದ ಮ್ಯಾನೇಜರ್ ಕೈಗೆ ಹೋಗಬಾರದು, ಡಾಕ್ಟರಿಗೆ ಮಾತ್ರ. ಅದನ್ನು ಫಾರಂ ಮೇಲೆಯೇ ದಪ್ಪಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಎಲ್ಲರೂ 'ಎಂದೂ ಕುಡಿದಿಲ್ಲ'ಕ್ಕೆ ಟಿಕ್ ಹಾಕುತ್ತಾರೆ.

ಕ್ಯಾಷ್ ಕೌಂಟರ್ ಕೃಷ್ಣ

ಸೀನಣ್ಣ, ಇನ್ನೊಂದು ಸೇರಿಸಿ. ಒಬ್ಬರೇ ಕುಡಿದದ್ದಾ, ಹಂಚಿಕೊಂಡದ್ದಾ ಅಂತ ಕೇಳಿ. ಇಬ್ಬರು ಸೇರಿ ಒಂದು ಕ್ವಾರ್ಟರ್ ತೆಗೆದುಕೊಂಡು ಹೋಗುವವರು ನಮ್ಮಲ್ಲಿ ಬಹಳ ಜನ. ಅವರೂ "ಕ್ವಾರ್ಟರ್" ಅಂತಲೇ ಬರೆಯುತ್ತಾರೆ.

ಗೌರಿಬಿದನೂರು ಸೀನ

ಸೇರಿಸಿದೆ ಕೃಷ್ಣಣ್ಣ. ನಾಳೆ ಪ್ರಿಂಟಿಗೆ ಕೊಡುತ್ತೇನೆ.